ಗೆಸ್ಟ್ ಹೌಸಿನ ಹದಿನೇಳು ದುಪ್ಪಟಿ

ದುಪ್ಪಟಿ ಹದಿನೇಳು, ದಿಂಬಿನ ಚೀಲ ಇಪ್ಪತ್ತೆರಡು,
ಅಂಗಿ ಒಂಬತ್ತು, ಅದರಲ್ಲಿ ಒಂದಕ್ಕೆ ಗುಂಡಿ ಇಲ್ಲ.
ಆಮೇಲೆ ನನ್ನ ಮೇಲೆ ಹೇಳಬೇಡಿ ಅಂತ
ಅಡುಗೆ ಅಂತೋಣಿಯ ಎದುರೇ ಎಣಿಸಿ ಗಂಟು ಕಟ್ಟಿದೆ.
ಹೊರದೇಶದವರು ಬಂದಿದ್ದಾರೆ. ಏಳು ಜನ.
ಮುಚ್ಚಿದ ಕಾರ್ಖಾನೆಯ ಗೇಟು ತೆಗೆಸಿ
ನೆಲ ಅಳೆದರಂತೆ, ಹೊಳೆನೀರು ಸೀಸೆಗೆ ತುಂಬಿಕೊಂಡರಂತೆ,
ಕರೆಂಟು ಎಷ್ಟು ಬರುತ್ತದೆ, ಎಷ್ಟಕ್ಕೆ ಬರುತ್ತದೆ ಅಂತ
ಮೂರು ಸಲ ಕೇಳಿದರಂತೆ.

ಭದ್ರಾವತಿಯಲ್ಲಿ ಬಟ್ಟೆ ಒಗೆಯುವವರಿಗೆ
ಪೇಪರು ಓದುವುದು ಬೇಕಾಗಿರಲಿಲ್ಲ.
ಹಗ್ಗದ ಮೇಲಿನ ಬಿಳಿ ಪಂಚೆಯೇ ಹೇಳುತ್ತಿತ್ತು:
ಮಸಿ ದಪ್ಪ ಬಿದ್ದರೆ ಮೂರೂ ಪಾಳಿ ನಡೀತಿದೆ,
ತೆಳುವಾದರೆ ಸ್ಟ್ರೈಕು.
ನಮ್ಮತ್ತೆ ಬೈಯುತ್ತಿದ್ದಳು, ಕೊಡವುತ್ತಿದ್ದಳು, ಮತ್ತೆ ಹಿಂಡುತ್ತಿದ್ದಳು,
ಬೋನಸ್ಸಿನ ತಿಂಗಳು ಮಾತ್ರ ಬೈಯುತ್ತಿರಲಿಲ್ಲ.
ಹೊಳೆ ಆಗ ಕಾಫಿ ಡಿಕಾಕ್ಷನ್ನಿನ ಬಣ್ಣ.
ನೊರೆ ನಮ್ಮದೋ ಅವರದೋ ತಿಳಿಯದೆ
ಕಲ್ಲಿನ ಸುತ್ತ ಸುತ್ತುತ್ತಿತ್ತು.

ಆಮೇಲೆ ಚಿಮಣಿ ಆರಿತು.
ಪಂಚೆ ಬಿಳಿಯಾಗಿಯೇ ಒಣಗತೊಡಗಿತು.
ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಬುಡ ಕಾಣಿಸಿತು,
ಅದರ ಪಕ್ಕ ಮೀನು, ನಾಚಿಕೆಯಿಲ್ಲದೆ.
ನನ್ನ ಗಂಡ ಮಾಚಪ್ಪ ಸೊಂಟದ ತನಕ ಇಳಿದು
ಅಯ್ಯೋ ನೋಡೇ, ನನ್ನ ಕಾಲು ಕಾಣ್ತದೆ ಅಂದ.
ಆ ವರ್ಷ ಕ್ವಾರ್ಟರ್ಸಿನ ಮುನ್ನೂರು ಮನೆ ಖಾಲಿಯಾದವು.
ತಿಳಿನೀರಲ್ಲಿ ನಿಂತಿದ್ದೆವು,
ಒಗೆಯಲು ಯಾರ ಬಟ್ಟೆಯೂ ಇರಲಿಲ್ಲ.

ಈಗ ಈ ಅಂಗಿ.
ಐದನೆಯದರ ಜೇಬಲ್ಲಿ ನಾಲ್ಕು ಮಡಿಕೆಯ ಕಾಗದ,
ಅದರಲ್ಲಿ ಅಕ್ಷರ ಕಡಿಮೆ, ಒಂದು ಗೆರೆ:
ಎಡದಿಂದ ಏರಿ, ನೆತ್ತಿ ಮುಟ್ಟಿ, ಬಲಕ್ಕೆ ಇಳಿಯುವ ಗುಡ್ಡ.
ನಮ್ಮ ಕಡೆಯ ಗುಡ್ಡದ ಹಾಗೇ, ಮರ ಮಾತ್ರ ಇಲ್ಲ.
ಅಂತೋಣಿಯ ಮಗಳು ಸ್ಟೆಲ್ಲಾ ಬಿ.ಕಾಂ. ಓದಿದವಳು, ಬಿಡಿಸಿ ಹೇಳಿದಳು:
ದುಡ್ಡು ಹೆಚ್ಚಿದಂತೆ ಮೊದಲು ಕೊಳೆ ಹೆಚ್ಚುತ್ತದಂತೆ,
ಇನ್ನೂ ಹೆಚ್ಚಿದರೆ ತಾನೇ ಇಳಿಯುತ್ತದಂತೆ.
ಅವರ ದೇಶ ಈಗ ಇಳಿಜಾರಿನಲ್ಲಿದೆಯಂತೆ.

ಇಳೀತದಾ?
ನಲವತ್ತು ವರ್ಷ ಉಬ್ಬೆ ಹಾಕಿದ್ದೇನೆ ಮಗಾ.
ಕೊಳೆ ಇಳಿಯುತ್ತದೆ, ನಿಜ, ಬಟ್ಟೆಯಿಂದ.
ಇಳಿದದ್ದು ನೀರಿಗೆ ಹೋಗುತ್ತದೆ,
ನೀರು ಕೂಡ್ಲಿಗೆ ಹೋಗುತ್ತದೆ,
ಅಲ್ಲಿಂದಾಚೆ ಯಾರೋ ಕೊಡ ಮುಳುಗಿಸುತ್ತಾರೆ.
ಮಡಿ ಅಂದರೆ ಅಷ್ಟೇ,
ಕೊಳೆಗೆ ಬೇರೆ ಊರು ತೋರಿಸುವುದು.
ಇಷ್ಟು ಬೆಳ್ಳಗಿನ ಅಂಗಿಯವರ
ಒಗೆಯುವ ಕಲ್ಲು ಎಲ್ಲಿದೆ ಅಂತ
ಆ ಕಾಗದದಲ್ಲಿ ಇಲ್ಲ.

ನಾನೇನು ಸಾಚಾ ಅಲ್ಲ.
ಉಬ್ಬೆಯ ಒಲೆಗೆ ಅಕೇಶಿಯಾ ಬೇಕು, ಇಸ್ತ್ರಿಗೆ ಇದ್ದಿಲು,
ಕರೆಂಟಿನ ಇಸ್ತ್ರಿ ಕೊಂಡರೆ ಶರಾವತಿಯೂ ನನ್ನ ಲೆಕ್ಕಕ್ಕೆ.
ಗೇಟು ತೆಗೆದರೆ ಕ್ವಾರ್ಟರ್ಸಿಗೆ ಜನ ಬರುತ್ತಾರೆ,
ಜನ ಬಂದರೆ ಗಂಟು ಬರುತ್ತದೆ.
ರಾತ್ರಿಯೆಲ್ಲ ಇದನ್ನೇ ಎಣಿಸಿದೆ.
ಮಾಚಪ್ಪನನ್ನು ಕೇಳಿದೆ. ಅವನು
ಕಾಲು ಕಾಣೋದು ನಿಂತುಹೋಗ್ತದಲ್ಲ ಅಂದು
ಆ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಕರಿಗೇರು ಚುಚ್ಚಿ ಸೂಜಿಯಲ್ಲಿ ಗುರುತು ಹಾಕಿದೆ.
ಪ್ರತಿ ಮನೆಗೂ ಒಂದೊಂದು ಚುಕ್ಕಿ,
ಬಟ್ಟೆ ಹರಿದರೂ ಅದು ಹೋಗುವುದಿಲ್ಲ.
ಒಗೆದೆ, ಒಣಗಿಸಿದೆ. ಕಾಗದವನ್ನೂ ಹಾಸಿ ಇಸ್ತ್ರಿ ಎಳೆದೆ:
ಮಡಿಕೆ ಹೋಯಿತು, ಗುಡ್ಡ ಹಾಗೇ ಉಳಿಯಿತು.
ಮತ್ತೆ ಸೂಜಿ ತೆಗೆದುಕೊಂಡು
ಇಳಿಜಾರಿನ ಕೊನೆಯಲ್ಲಿ,
ಗೆರೆ ಕಾಗದದಿಂದಾಚೆ ಹೋಗುವ ಜಾಗದಲ್ಲಿ
ನಮ್ಮನೆ ಚುಕ್ಕಿ ಇಟ್ಟೆ.

ಗಂಟು ತಲುಪಿಸಿ ಬಂದೆ.
ಒಂಬತ್ತನೇ ಅಂಗಿಗೆ ಗುಂಡಿ ನಾನೇ ಹೊಲಿದಿದ್ದೆ,
ಬಣ್ಣ ಸ್ವಲ್ಪ ಬೇರೆ.
ದುಡ್ಡು ಸೋಮವಾರ ಅಂದಿದ್ದಾರೆ.